ನ್ಯಾಷನಲ್ ಪಾರ್ಕಿನ ನಡುದಾರಿಯಲ್ಲಿ ಇಳಿದ ಗಿರಿಜಕ್ಕ

ಈಗ ನಾನು ಯಾರ ತಲೆಯನ್ನೂ ಎಣಿಸುವುದಿಲ್ಲ. ಕೆಲಸ ಬಿಟ್ಟ ಮೇಲೆ ನನಗೆ ಸಿಕ್ಕಿದ ದೊಡ್ಡ ಸುಖ ಇದೇ. ಮದುವೆ ಊಟಕ್ಕೆ ಹೋದರೆ ಪಂಕ್ತಿಯಲ್ಲಿ ಎಷ್ಟು ಜನ ಕುಳಿತಿದ್ದಾರೆ ಎಂದು ನೋಡುವುದಿಲ್ಲ. ಮುಂಬಯಿಯ ಚೆಂಬೂರು ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ಹಿಂದೆ ತಿರುಗಿ ಎಲ್ಲರೂ ಬಂದರೇ ಎಂದು ಪರೀಕ್ಷಿಸುವುದಿಲ್ಲ. ಮೂವತ್ತು ವರ್ಷದ ಹತ್ತಿರ ಘಾಟ್ಕೋಪರಿನ ಒಂದು ಸಣ್ಣ ಟೂರ್ ಆಫೀಸಿನಲ್ಲಿ ದುಡಿದವಳು ನಾನು. ಹೆಂಗಸರ ಗುಂಪುಗಳನ್ನು ಕರೆದುಕೊಂಡು ಹೋಗುವುದು, ಕರೆದುಕೊಂಡು ಬರುವುದು ನನ್ನ ಕೆಲಸ. ಕರೆದುಕೊಂಡು ಹೋಗಲು ಯಾರಾದರೂ ಸಾಕು. ನನಗೆ ಸಂಬಳ ಕೊಡುತ್ತಿದ್ದದ್ದು ಕರೆದುಕೊಂಡು ಬರುವುದಕ್ಕೆ.

ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಹುಡುಗಿ ನಿಖಿತಾ ಮೊನ್ನೆ ಇದೇ ಕೆಲಸಕ್ಕೆ ಸೇರಿದಳು. ಕಾಲೇಜಿನಲ್ಲಿ ಟೂರಿಸಂ ಓದಿದವಳು. ಲಿಫ್ಟಿನಲ್ಲಿ ಸಿಕ್ಕಿ, "ಆಂಟಿ, ಏನಾದ್ರೂ ಟಿಪ್ಸ್ ಕೊಡಿ ನಾ, ಪ್ಲೀಸ್" ಎಂದಳು. ಲಿಫ್ಟ್ ನೆಲ ಮುಟ್ಟುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದುವುದು ಕಷ್ಟ. ಅವಳ ಅಮ್ಮ ಓದಿ ಹೇಳಲಿ. ಆ ನೆಪದಲ್ಲಿ ತಾಯಿ ಮಗಳು ಸ್ವಲ್ಪ ಹೊತ್ತು ಒಟ್ಟಿಗೆ ಕುಳಿತರೆ ನನಗೇನೂ ನಷ್ಟವಿಲ್ಲ.

ನನಗೆ ಕೆಲಸ ಕಲಿಸಿದವರು ಆಫೀಸಿನ ಮಾಲೀಕರಾದ ನಮ್ಮ ಶೇಟ್. ಬಿಳಿ ಸಫಾರಿ, ಬಾಯಲ್ಲಿ ಯಾವಾಗಲೂ ಸೋಂಪು. ನಾನು ಸಂದರ್ಶನಕ್ಕೆಂದು ಇಡೀ ದೇಶದ ನಕ್ಷೆಯನ್ನೇ ಬಾಯಿಪಾಠ ಮಾಡಿ ಹೋಗಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಶಶಿಬೆನ್, ಬಸ್ ನಿಂತ ಕೂಡಲೇ ಹೆಂಗಸರು ಮೊದಲು ಏನು ಕೇಳ್ತಾರೆ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ದೇವಸ್ಥಾನ ಎಂದೆ, ಫೋಟೋ ಎಂದೆ, ಚಹಾ ಎಂದೆ. ಶೇಟ್ ತಲೆ ಅಲ್ಲಾಡಿಸಿ, "ಪೆಹಲೇ ಬಾಥ್‌ರೂಮ್, ಫಿರ್ ಬಾಕಿ ದುನಿಯಾ" ಎಂದರು, ಮೊದಲು ಅದು, ಆಮೇಲೆ ಉಳಿದ ಪ್ರಪಂಚ. ಮರುದಿನದಿಂದಲೇ ಬರಲು ಹೇಳಿದರು. ನಾನು ಎಷ್ಟೋ ಊರುಗಳ ಇತಿಹಾಸ ಮರೆತಿದ್ದೇನೆ, ಆದರೆ ಯಾವ ಊರಿನಲ್ಲಿ ಸ್ವಚ್ಛವಾದ ಬಾಥ್‌ರೂಮ್ ಎಲ್ಲಿದೆ ಎಂಬುದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ದೂರದ ಟೂರುಗಳು ವರ್ಷಕ್ಕೆ ನಾಲ್ಕೈದು. ಉಳಿದ ದಿನಗಳಲ್ಲಿ ನಮ್ಮ ಹೊಟ್ಟೆ ತುಂಬಿಸುತ್ತಿದ್ದದ್ದು ಬೊರಿವಲಿಯ ನ್ಯಾಷನಲ್ ಪಾರ್ಕು. ಇಷ್ಟು ದೊಡ್ಡ ಶಹರದ ಒಳಗೇ ಕಾಡು, ಕಾಡಿನ ಒಳಗೆ ಗುಡ್ಡ, ಗುಡ್ಡದ ಮೇಲೆ ಹಳೆಯ ಕಲ್ಲಿನ ಗುಹೆಗಳು, ಗುಹೆಗಳ ಮೇಲಿನ ಬಂಡೆ ಹತ್ತಿದರೆ ಕೆಳಗೆ ಕೆರೆ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಗಂಡ, ಮಕ್ಕಳು, ಸೊಸೆ, ಯಾರೂ ಅಡ್ಡಿ ಮಾಡುವುದಿಲ್ಲ. ಚೆಂಬೂರು, ಘಾಟ್ಕೋಪರ್, ವಿಕ್ರೋಳಿಯ ಮಹಿಳಾ ಮಂಡಲಗಳೆಲ್ಲ ನಮ್ಮ ಗಿರಾಕಿಗಳು.

ಕಾಡೆಂದರೆ ಏನು ಎಂದು ನನಗೆ ಕಲಿಸಿದ್ದು ಮಂಗಗಳು. ಮೊದಲ ಸಲ ಹೋದಾಗ ಶೇಟ್ ಜಾಹೀರಾತಿನಲ್ಲಿ 'ಜಂಗಲ್ ಮೇ ಗರಂ ಭೋಜನ', ಕಾಡಿನಲ್ಲಿ ಬಿಸಿ ಊಟ, ಎಂದು ಹಾಕಿಬಿಟ್ಟಿದ್ದರು. ನಮ್ಮ ಅಡುಗೆಯ ಮಹಾರಾಜರು ಮನೆಯಲ್ಲೇ ಪೂರಿ, ಬಟಾಟೆ ಭಾಜಿ ಮಾಡಿ ಡಬ್ಬಿಗಳಲ್ಲಿ ತುಂಬಿ ತಂದಿದ್ದರು. ಗುಹೆಗಳ ಕೆಳಗೆ ಮರದ ನೆರಳಲ್ಲಿ ಚಾದರ ಹಾಸಿ, ಡಬ್ಬಿಗಳನ್ನು ಸಾಲಾಗಿ ಇಟ್ಟು, ನಾನು ಹೆಂಗಸರಿಗೆ ಕೈ ತೊಳೆಯಲು ನೀರು ಕೊಡುತ್ತಿದ್ದೆ. ತಿರುಗಿ ನೋಡುತ್ತೇನೆ, ಚಾದರದ ಮೇಲೆ ಮಂಗಗಳ ಪಂಕ್ತಿ. ಒಂದು ಮುದಿ ಮಂಗ ಡಬ್ಬಿಯ ಮುಚ್ಚಳ ತಿರುಗಿಸಿ ತೆಗೆದ ರೀತಿ ನೋಡಿದರೆ, ನಮ್ಮ ಮಹಾರಾಜರಿಗಿಂತ ಹೆಚ್ಚಿನ ಅನುಭವ ಇದ್ದಂತಿತ್ತು. ಮಹಾರಾಜರು ಸೌಟು ಹಿಡಿದು ಮುಂದೆ ಹೋದರು, ಹೋದಷ್ಟೇ ವೇಗದಲ್ಲಿ ಹಿಂದೆ ಬಂದರು. ಆ ದಿನ ನನ್ನ ಗುಂಪು, ಮೆಟ್ಟಿಲಲ್ಲಿ ಕುಳಿತು ಮಾರುವ ಹೆಂಗಸರ ಹತ್ತಿರ ಸೌತೆಕಾಯಿ, ಬೋರೆ ಹಣ್ಣು ತಿಂದು ಹೊಟ್ಟೆ ತುಂಬಿಸಿಕೊಂಡಿತು. ಬೈಗುಳ ತಿನ್ನಲು ಸಿದ್ಧಳಾಗಿದ್ದ ನನಗೆ ಆಶ್ಚರ್ಯವಾಯಿತು. ಹೋಗುವಾಗ ಎಲ್ಲರೂ, ಇಷ್ಟು ನಕ್ಕು ಎಷ್ಟು ವರ್ಷವಾಯಿತೋ ಎಂದರು.

ಇನ್ನೊಂದು ತಾಪತ್ರಯ ಚಿರತೆ. ಪಾರ್ಕಿನಲ್ಲಿ ಚಿರತೆಗಳಿವೆ ಎಂದು ಎಲ್ಲರಿಗೂ ಗೊತ್ತು, ಆದ್ದರಿಂದ ಎಲ್ಲರಿಗೂ ಅದು ಬೇಕು. "ಶಶಿಯಕ್ಕ, ಚಿರತೆ ಎಷ್ಟು ಗಂಟೆಗೆ?" ಎಂದು ಕೇಳಿದವರಿದ್ದಾರೆ. ಮೊದಮೊದಲು ನಾನು ಕ್ಷಮೆ ಕೇಳುತ್ತಿದ್ದೆ. ಆಮೇಲೆ ಬುದ್ಧಿ ಬಂತು. ಗುಹೆಗಳ ಮೇಲಿನ ಬಂಡೆಗೆ ಹತ್ತಿಸಿ, ಒಂದು ಕಡೆ ಕಾಡು, ನಡುವೆ ಕೆರೆ, ಆಚೆ ಬಿಲ್ಡಿಂಗುಗಳು ಕಾಣುವ ಜಾಗದಲ್ಲಿ ಕೂರಿಸಿ, ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಯಾರ ಮನೆಗೆ ಬರುವ ನಲ್ಲಿ ನೀರು ಯಾವ ಕೆರೆಯದು ಎಂಬ ಚರ್ಚೆ ಅವರವರಲ್ಲೇ ಶುರುವಾಗುತ್ತಿತ್ತು. ಚಿರತೆಯ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ನಿಖಿತಾ, ಇದನ್ನು ನೆನಪಿಟ್ಟುಕೋ. ಗೈಡ್ ಆದವಳಿಗೆ ಮಾತಾಡದೇ ಇರುವುದೂ ಕೆಲಸವೇ.

ನಾನು ಸೇರಿದಾಗ ಕೈಯಲ್ಲಿ ಒಂದು ಸೀಟಿ, ಒಂದು ಕೆಂಪು ಕೊಡೆ, ಅಷ್ಟೇ. ಕೊಡೆ ಎತ್ತಿದರೆ ಬರಬೇಕು, ಸೀಟಿ ಊದಿದರೆ ಓಡಿ ಬರಬೇಕು. ಕೊನೆಯ ವರ್ಷಗಳಲ್ಲಿ ಪ್ರತಿ ಟೂರಿಗೂ ಒಂದೊಂದು ವಾಟ್ಸಾಪ್ ಗ್ರೂಪು. ಅದರಲ್ಲಿ ಬಂದವರೂ ಇರುತ್ತಾರೆ, ಮನೆಯಲ್ಲಿ ಕುಳಿತ ಅವರ ಮಗ, ಸೊಸೆಯರೂ ಇರುತ್ತಾರೆ. ಒಳ್ಳೆಯದೇ. ಆದರೆ ಹಿಂದೆ ಬಸ್ಸಿನಲ್ಲಿ ಏನಾದರೂ ಎಡವಟ್ಟಾದರೆ ಅದನ್ನು ಸರಿಪಡಿಸಲು ನಮಗೆ ಸ್ವಲ್ಪ ಸಮಯ ಸಿಗುತ್ತಿತ್ತು. ಈಗ ಎಡವಟ್ಟು ಆಗುವ ಮೊದಲೇ ಮನೆಗೆ ಸುದ್ದಿ ಮುಟ್ಟಿರುತ್ತದೆ. ಇದು ನನಗೆ ಅರ್ಥವಾದದ್ದು ಗಿರಿಜಕ್ಕನ ದಿನ.

ಗಿರಿಜಕ್ಕ ಚೆಂಬೂರಿನಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಕಾಲನಿಯವರು. ಉಡುಪಿ ಕಡೆಯವರು. ವಿಕ್ರೋಳಿಯ ಒಂದು ಔಷಧದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡಿ ರಿಟೈರ್ ಆದವರು. ಚೆಂಬೂರಿನಿಂದ ಕುರ್ಲಾ, ಕುರ್ಲಾದಲ್ಲಿ ಬದಲಿಸಿ ವಿಕ್ರೋಳಿ, ಜೀವಮಾನವಿಡೀ ಲೋಕಲ್ ರೈಲು. ಗಂಡ ತೀರಿಕೊಂಡ ಮೇಲೆ ಒಂದು ಸಲ ಬಾಥ್‌ರೂಮಿನಲ್ಲಿ ಜಾರಿ ಬಿದ್ದರು. ಮೂಳೆ ಕೂಡಿಕೊಂಡಿತು, ಆದರೆ ಮಗ ಪ್ರಕಾಶನ ಹೆದರಿಕೆ ಕೂಡಿಕೊಳ್ಳಲಿಲ್ಲ. ಅವನು ಒಳ್ಳೆಯ ಮಗನೇ. ಒಳ್ಳೆಯ ಮಗನಾದದ್ದೇ ತೊಂದರೆ. ಮೂರು ವರ್ಷ ಅವರನ್ನು ಮನೆಯಿಂದ ಕೆಳಗೆ ಇಳಿಯಲು ಬಿಡಲಿಲ್ಲ. ತರಕಾರಿ ಮೇಲೆ ಬರುತ್ತಿತ್ತು, ಡಾಕ್ಟರ್ ಮೇಲೆ ಬರುತ್ತಿದ್ದರು, ಭಜನೆಯೂ ಟಿವಿಯಲ್ಲಿ ಬರುತ್ತಿತ್ತು.

ಮಹಿಳಾ ಮಂಡಲದವರು ನ್ಯಾಷನಲ್ ಪಾರ್ಕಿಗೆ ಹೊರಟಾಗ ಗಿರಿಜಕ್ಕ ನನಗೆ ಫೋನ್ ಮಾಡಿ, "ಶಶಿ, ನೀನು ಬಂದು ಒಂದು ಮಾತು ಹೇಳಿದ್ರೆ ಅವ ಬಿಡ್ತಾನೆ ಮಾರಾಯ್ತಿ" ಎಂದರು. ಹೋದೆ. ಪ್ರಕಾಶ ಚಹಾ ಕೊಟ್ಟ. ಸೋಫಾದ ತುದಿಯಲ್ಲಿ ಕುಳಿತು, "ಅಕ್ಕ, ನೀವು ಇದ್ದೀರಿ ಅಂತ ಬಿಡ್ತೇನೆ. ಇದೊಂದು ಸಲ ಸರಿಯಾಗಿ ಬಂದ್ರೆ ಮುಂದೆ ನೋಡುವ. ಏನಾದ್ರೂ ಆಯ್ತೋ, ಮತ್ತೆ ಅಮ್ಮ ಕೇಳುವ ಹಾಗಿಲ್ಲ, ನೀವೂ ಕೇಳುವ ಹಾಗಿಲ್ಲ" ಎಂದ. ಗಿರಿಜಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಾನು, "ಜವಾಬ್ದಾರಿ ನನ್ನದು" ಎಂದೆ.

ಆಗ ಹೊರಗಿನ ಗಾಡಿಗಳನ್ನೂ ಗುಹೆಗಳವರೆಗೆ ಬಿಡುತ್ತಿದ್ದರು. ನಮ್ಮ ಬಸ್ಸಿನ ಡ್ರೈವರು ಮೌಲಾಭಾಯಿ, ವಿಜಯಪುರದ ಕಡೆಯವರು. ಬೆಳಿಗ್ಗೆ ಎಲ್ಲವೂ ಚೆನ್ನಾಗಿಯೇ ಆಯಿತು. ಗಿರಿಜಕ್ಕ ಒಂದೊಂದೇ ಮೆಟ್ಟಿಲು ಹತ್ತಿ, ಬಂಡೆಯ ಮೇಲೆ ಎಲ್ಲರಿಗಿಂತ ಹೆಚ್ಚು ಹೊತ್ತು ಕುಳಿತರು. ಮಧ್ಯಾಹ್ನ ಇಳಿದು ಬಸ್ ಹತ್ತಿಸುವಾಗ ನಾನು ತಲೆ ಎಣಿಸಿದೆ. ಸರಿಯಾಗಿತ್ತು. ಇನ್ನು ಮುಖ್ಯ ಗೇಟಿನವರೆಗೆ ಬಸ್ಸು ಎಲ್ಲೂ ನಿಲ್ಲುವುದಿಲ್ಲ ಎಂದು, ಹೊಟ್ಟೆ ತೊಳಸುತ್ತಿದ್ದ ಒಬ್ಬರಿಗೆ ನಿಂಬೆ ಶರಬತ್ತು ಕೊಡಲು ಹಿಂದಿನ ಸೀಟಿಗೆ ಹೋದೆ.

ಅರ್ಧ ದಾರಿಯಲ್ಲಿ ಜಿಂಕೆಗಳು ಅಡ್ಡ ಬಂದವು. ಮೌಲಾಭಾಯಿ ಬಸ್ ನಿಲ್ಲಿಸಿ, "ಬಲಕ್ಕ ನೋಡ್ರಿ, ಬಲಕ್ಕ. ದನದ ಹಿಂಡಿನಂಗ ಹೊಂಟಾವು" ಎಂದರು. ಇಡೀ ಬಸ್ಸು ಬಲಗಡೆಯ ಕಿಟಕಿಗೆ ವಾಲಿತು. ಫೋಟೋ, ವಿಡಿಯೋ, ಮೊಮ್ಮಕ್ಕಳಿಗೆ ವಾಟ್ಸಾಪು. ಸ್ವಲ್ಪ ಹೊತ್ತಿಗೆ ಜಿಂಕೆಗಳು ದಾಟಿದವು, ಬಸ್ಸು ಹೊರಟಿತು.

ಗೇಟಿನ ಹತ್ತಿರ ಚಹಾ ಕುಡಿದರು, ಅಲ್ಲೇ ಇರುವ ದೋಣಿವಿಹಾರದ ಸಣ್ಣ ಕೆರೆಯ ಎದುರು ನಿಂತು ಫೋಟೋ ಹೊಡೆಸಿಕೊಂಡರು. ಮತ್ತೆ ಬಸ್ ಹತ್ತಿಸುವಾಗ ಎಣಿಸಿದರೆ ಒಬ್ಬರು ಕಡಿಮೆ. ಗಿರಿಜಕ್ಕನ ಸೀಟಿನಲ್ಲಿ ಅವರ ಬ್ಯಾಗು, ಅದರ ಮೇಲೆ ನೀಟಾಗಿ ಮಡಚಿದ ಕರ್ಚೀಫು. ಪಕ್ಕದ ಸೀಟಿನ ವಸಂತಕ್ಕ, "ಬ್ಯಾಗ್ ಇದೆಯಲ್ಲ, ಬರ್ತಾರೆ" ಎಂದರು. ಎಲ್ಲರಿಗೂ ಅದು ಸರಿ ಎನಿಸಿತು. ಮುಂಬಯಿಯವರ ಲೆಕ್ಕದಲ್ಲಿ ಸೀಟಿನ ಮೇಲೆ ಕರ್ಚೀಫು ಇದ್ದರೆ ಮನುಷ್ಯ ಇದ್ದ ಹಾಗೆಯೇ. ಬಾಥ್‌ರೂಮಿಗೆ ಹೋಗಿರಬೇಕೆಂದು ಕಾದೆವು. ಬಾಥ್‌ರೂಮಿನಲ್ಲಿ ಇಲ್ಲ. ಚಹಾದಂಗಡಿಯಲ್ಲಿ ಇಲ್ಲ.

"ಚಹಾ ಕುಡಿಯುವಾಗ ಯಾರಾದರೂ ನೋಡಿದಿರಾ?" ಎಂದೆ. ಯಾರೂ ನೋಡಿರಲಿಲ್ಲ.

ವಸಂತಕ್ಕ ಮೆಲ್ಲಗೆ ಹೇಳಿದರು, "ಜಿಂಕೆ ಬರುವ ಮೊದಲೇ ಎದ್ದು ಬಾಗಿಲ ಹತ್ರ ಹೋಗಿದ್ರು. ಗೇಟ್ ಬಂತು ಅಂತ. ನಾನು, ಅವರದ್ದು ಯಾವಾಗ್ಲೂ ಹಾಗೇ, ಬಾಗಿಲಲ್ಲಿ ನಿಂತಿರ್ತಾರೆ ಅಂತ ಸುಮ್ನಿದ್ದೆ."

ನನಗೆ ಅರ್ಥವಾಯಿತು. ಲೋಕಲ್ ರೈಲಿನಲ್ಲಿ ಓಡಾಡಿದ ಎಲ್ಲರಿಗೂ ಇದು ಗೊತ್ತು. ಇಳಿಯುವ ಸ್ಟೇಷನ್ ಬರುವ ಒಂದು ಸ್ಟೇಷನ್ ಮೊದಲೇ ಎದ್ದು ಬಾಗಿಲಿಗೆ ಹೋಗಿ ನಿಲ್ಲಬೇಕು. ಗಾಡಿ ನಿಂತ ಕೂಡಲೇ ಇಳಿಯಬೇಕು. ಯೋಚಿಸುತ್ತಾ ನಿಂತರೆ ಹಿಂದಿನವರು ತಳ್ಳುತ್ತಾರೆ. ಬಸ್ಸು ನಿಂತಿತು, ಬಾಗಿಲು ತೆರೆದಿತ್ತು, ಗಿರಿಜಕ್ಕ ಇಳಿದರು. ಅವರು ಎಡಗಡೆ ಇಳಿಯುವಾಗ ನಾವೆಲ್ಲ ಬಲಗಡೆ ಜಿಂಕೆ ನೋಡುತ್ತಿದ್ದೆವು.

ಅವರ ಫೋನಿಗೆ ರಿಂಗ್ ಮಾಡಿದೆ. ಸೀಟಿನ ಮೇಲಿದ್ದ ಬ್ಯಾಗಿನೊಳಗಿಂದ ಸುಪ್ರಭಾತ ಕೇಳಿಸಿತು.

ಶೇಟ್ ಯಾವತ್ತೋ ಒಂದು ಮಾತು ಹೇಳಿದ್ದರು. ಉತ್ತರ ಸಿಗುವ ತನಕ ಮನೆಯವರಿಗೆ ಪ್ರಶ್ನೆ ಕಳಿಸಬೇಡ ಎಂದು. ಆದರೆ ಶೇಟ್ ಕಾಲದಲ್ಲಿ ವಾಟ್ಸಾಪ್ ಎಲ್ಲಿತ್ತು? ನಾನು ಗೇಟಿನ ಗಾರ್ಡಿನ ಹತ್ತಿರ ಓಡುವಷ್ಟರಲ್ಲಿ ಯಾರೋ ಪುಣ್ಯಾತ್ಗಿತ್ತಿ ಗ್ರೂಪಿನಲ್ಲಿ 'ಗಿರಿಜಕ್ಕ ಮಿಸ್ಸಿಂಗ್, ಎಲ್ಲರೂ ಪ್ರಾರ್ಥಿಸಿ' ಎಂದು ಹಾಕಿ, ಕೈ ಮುಗಿದ ಚಿತ್ರವನ್ನೂ ಅಂಟಿಸಿದ್ದಳು. ಪ್ರಕಾಶನ ಫೋನು ಬಂತು.

"ಅಕ್ಕ, ಇದು ನಿಜವಾ?"

"ನಿಜ ಪ್ರಕಾಶ. ಎಲ್ಲಿ ಇಳಿದಿದ್ದಾರೆ ಅಂತ ಗೊತ್ತಾಗಿದೆ. ಈಗಲೇ ಹೋಗ್ತಾ ಇದ್ದೇನೆ."

"ಜಂಗಲ್‌ನಲ್ಲಿ?" ಎಂದ. "ನಾನು ಬರ್ತಾ ಇದ್ದೇನೆ" ಎಂದು ಫೋನು ಇಟ್ಟ. ಅವನು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಗಾರ್ಡು ನಡುವಯಸ್ಸಿನ ಮನುಷ್ಯ, ಹೆಚ್ಚು ಮಾತಿಲ್ಲದವನು. ಬೆಳಕು ಇಳಿದ ಮೇಲೆ ಚಿರತೆಗಳು ರಸ್ತೆಗೇ ಬರುತ್ತವೆ ಎಂದಷ್ಟೇ ಹೇಳಿ, ಲಾಠಿ ಹಿಡಿದು ಬಸ್ ಹತ್ತಿದ. ಗುಂಪನ್ನು ಗೇಟಿನಲ್ಲೇ ಕೂರಿಸಿ ನಾನು, ಗಾರ್ಡು, ಮೌಲಾಭಾಯಿ ಮೂವರೇ ಹೊರಟೆವು. ಖಾಲಿ ಬಸ್ಸು ಗಡಗಡ ಎನ್ನುತ್ತಿತ್ತು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಗಿರಿಜಕ್ಕಾ" ಎಂದು ಕೂಗಿದೆ. ಗಾರ್ಡು, "ಮೇಡಂ, ಆವಾಜ್ ಮತ್ ಕರೋ" ಎಂದು ಸದ್ದು ಮಾಡದಂತೆ ತಡೆದ.

"ಜಾಗಾ ನನಗ ನೆಪ್ಪೈತಿ ಅಕ್ಕಾರ, ಚಿಂತಿ ಮಾಡಬ್ಯಾಡ್ರಿ" ಎಂದರು ಮೌಲಾಭಾಯಿ. "ಆದ್ರ ಅವರು ನಡಕೋತ ಒಳಗ ಹೋಗಿದ್ರಂದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ನನ್ನ ತಲೆಯಲ್ಲೂ ಅದೇ ಇತ್ತು. ಹೆದರಿ ಓಡಿದ್ದರೆ? ದಾರಿ ಹುಡುಕುತ್ತಾ ಮರಗಳ ನಡುವೆ ಹೋಗಿದ್ದರೆ? ಅಂಥ ಹೊತ್ತಿನಲ್ಲಿ ಮನಸ್ಸು ಎಷ್ಟು ಕೆಟ್ಟದ್ದೆಂದರೆ, ಒಂದು ಕಡೆ ದೇವರಿಗೆ ಹರಕೆ ಹೊರುತ್ತಿತ್ತು, ಇನ್ನೊಂದು ಕಡೆ ಪ್ರಕಾಶನಿಗೆ ಏನು ಹೇಳಬೇಕೆಂದು ವಾಕ್ಯ ಜೋಡಿಸುತ್ತಿತ್ತು. ಸೋಫಾದ ತುದಿಯಲ್ಲಿ ಕುಳಿತ ಅವನ ಮುಖ ನನ್ನ ಕಣ್ಣ ಮುಂದಿನಿಂದ ಹೋಗಲೇ ಇಲ್ಲ.

ಮರಗಳ ಸಂದಿಯಿಂದ ಕೆರೆಯ ಒಂದು ತುಂಡು ಕಾಣುವ ತಿರುವಿನಲ್ಲಿ ಸಣ್ಣ ಮೋರಿ ಇದೆ. ಅದರ ಕಟ್ಟೆಯ ಪಕ್ಕದಲ್ಲಿ ನೀಲಿ ಸೀರೆಯ ಹೆಂಗಸೊಬ್ಬರು ನಿಂತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ರಸ್ತೆಯ ಕಡೆಗೆ ಸ್ವಲ್ಪ ಬಗ್ಗಿ, ಪ್ಲಾಟ್‌ಫಾರ್ಮಿನಲ್ಲಿ ನಿಂತವರು ಗಾಡಿ ಬಂತೇ ಎಂದು ನೋಡುತ್ತಾರಲ್ಲ, ಹಾಗೆ.

ಬಸ್ಸು ನಿಲ್ಲುವ ಮೊದಲೇ ನಾನು ಇಳಿದು ಓಡಿದೆ.

"ಎಂತ ಶಶಿ, ಇಷ್ಟು ಲೇಟು?" ಎಂದರು ಗಿರಿಜಕ್ಕ.

ನಾನು ಅವರ ಎರಡೂ ಕೈ ಹಿಡಿದುಕೊಂಡು ಅಳಲು ಶುರು ಮಾಡಿದೆ. ಅವರಿಗೆ ಗಾಬರಿಯಾಯಿತು. "ಏ, ಎಂತಾಯ್ತು? ಯಾರಿಗೆ ಎಂತಾಯ್ತು?" ಎಂದು ನನ್ನನ್ನೇ ಸಮಾಧಾನ ಮಾಡತೊಡಗಿದರು.

"ನೀವು ಹೆದರ್ಲಿಲ್ವಾ ಗಿರಿಜಕ್ಕ?"

"ಹೆದರ್ಲಿಕ್ಕೆ ಎಂತ ಉಂಟು? ಇಳಿದು ನೋಡಿದ್ರೆ ಗೇಟೂ ಇಲ್ಲ, ನೀವೂ ಇಲ್ಲ. ತಪ್ಪಿ ಇಳಿದೆ ಅಂತ ಗೊತ್ತಾಯ್ತು. ತಪ್ಪಿ ಇಳಿದ್ರೆ ಇಳಿದಲ್ಲೇ ನಿಲ್ಬೇಕು. ಒಂದು ಹೋದ್ರೆ ಇನ್ನೊಂದು ಬರ್ತದೆ. ನಾನು ಅತ್ತಿತ್ತ ತಿರುಗ್ಲಿಕ್ಕೆ ಹೋದ್ರೆ ನಿಮಗೆ ಸಿಗುವುದು ಹೇಗೆ?"

ಗಾರ್ಡಿಗೆ ನಾನು ಇದನ್ನು ಹಿಂದಿಯಲ್ಲಿ ಹೇಳಿದೆ. ಆ ಮನುಷ್ಯ ಮೊದಲ ಸಲ ನಕ್ಕ. ಕಾಡಿನಲ್ಲಿ ದಾರಿ ತಪ್ಪಿದವರೆಲ್ಲ ಇಷ್ಟು ಮಾಡಿದರೆ ನಮ್ಮ ಕೆಲಸ ಅರ್ಧ ಕಡಿಮೆಯಾಗುತ್ತದೆ ಎಂದ. ಮೌಲಾಭಾಯಿ ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಎರಡು ನಿಮಿಷ ಹಾಗೇ ಕುಳಿತಿದ್ದರು. ಆಮೇಲೆ, "ಹತ್ರೀ ಅವ್ವಾರ. ಈ ಸಲ ನಾನು ಹೇಳೂತನಕ ಇಳೀಬ್ಯಾಡ್ರಿ" ಎಂದರು.

ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕುಳಿತು, ಇಷ್ಟು ಹೊತ್ತು ಏನು ಮಾಡಿದಿರಿ ಎಂದು ಕೇಳಿದೆ. "ನೀರು ನೋಡಿದೆ. ಆ ಗುಡ್ಡದ ನೆರಳು ಮೆಲ್ಲಗೆ ನೀರಿಗೆ ಇಳಿತದೆ ಗೊತ್ತುಂಟಾ? ಮೊದಲು ತುದಿ, ಮತ್ತೆ ಇಡೀ ಗುಡ್ಡ. ಬಿಸಿಲು ನೋಡದೆ ಮೂರು ವರ್ಷ ಆಗಿತ್ತಲ್ಲ, ನೋಡಿಯೇ ಸಾಕಾಗ್ಲಿಲ್ಲ" ಎಂದರು. ಎಷ್ಟೋ ಸಲ ಆ ದಾರಿಯಲ್ಲಿ ಹೋದ ನಾನು ಅದನ್ನು ಕಂಡಿರಲಿಲ್ಲ. ತಲೆ ಎಣಿಸುವವಳಿಗೆ ಗುಡ್ಡದ ನೆರಳು ಎಲ್ಲಿ ಕಾಣಬೇಕು?

ಗೇಟಿಗೆ ಬಂದಾಗ ಹೆಂಗಸರೆಲ್ಲ ಮುತ್ತಿಕೊಂಡರು. ವಸಂತಕ್ಕ ತಬ್ಬಿಕೊಂಡರು, ಯಾರೋ ನೀರು ಕೊಟ್ಟರು, ಯಾರೋ ಚಕ್ಕುಲಿ ಕೊಟ್ಟರು. ನನಗೆ ಒಮ್ಮೆಲೇ ಎಷ್ಟು ಹಸಿವಾಯಿತೆಂದರೆ ಆ ಚಕ್ಕುಲಿಯನ್ನು ನಾನೇ ತಿಂದೆ. ಅಷ್ಟರಲ್ಲಿ ಒಂದು ರಿಕ್ಷಾ ಬಂದು ನಿಂತಿತು. ವಿಕ್ರೋಳಿಯ ಆಫೀಸಿನಿಂದ ಹಾಗೇ ಹೊರಟುಬಂದ ಪ್ರಕಾಶ, ಕೊರಳಲ್ಲಿ ಇನ್ನೂ ಆಫೀಸಿನ ಕಾರ್ಡು. ಗಿರಿಜಕ್ಕ ಸಿಕ್ಕಿದ ಸುದ್ದಿಯನ್ನು ನಾನು ಫೋನಿನಲ್ಲಿ ಹೇಳಿದ್ದೆ. ಆದರೂ ಅಮ್ಮನನ್ನು ಕಂಡ ಮೇಲೆಯೇ ಅವನಿಗೆ ಉಸಿರು ಬಂದದ್ದು.

"ಅಮ್ಮ, ಸಾಕು. ಇನ್ನು ಸಾಕು" ಎಂದ. ನನ್ನ ಕಡೆ ತಿರುಗಲೂ ಇಲ್ಲ. "ಬಾ, ರಿಕ್ಷಾದಲ್ಲಿ ಕೂತ್ಕೋ."

ಗಿರಿಜಕ್ಕ ಕೂರಲಿಲ್ಲ. ಮಗನ ಬೆವರಿದ ಮುಖವನ್ನು ಸೆರಗಿನಿಂದ ಒರೆಸಿದರು. "ಪ್ರಕಾಶ, ಸಿಟ್ಟು ಮಾಡ್ಬೇಡ. ನಾನು ಅಲ್ಲಿ ಎಷ್ಟು ಹೊತ್ತು ನಿಂತಿದ್ದೆ ಗೊತ್ತುಂಟಾ? ಈ ಮೂರು ವರ್ಷದಲ್ಲಿ ಅಷ್ಟು ಹೊತ್ತು ನಿಂತದ್ದೇ ಇಲ್ಲ. ಎದ್ದರೆ ನೀನು ಕೂತ್ಕೋ ಅಂತಿ, ನಿನ್ನ ಹೆಂಡ್ತಿ ಕೂತ್ಕೊಳ್ಳಿ ಅಂತಾಳೆ, ಮಕ್ಕಳೂ ಬೈಠೋ ಅಜ್ಜಿ ಅಂತಾರೆ. ಅಲ್ಲಿ ಯಾರೂ ನನಗೆ ಕೂತ್ಕೋ ಅಂತ ಹೇಳ್ಲಿಲ್ಲ. ನನ್ನ ಕಾಲು ನಿಂತಿತು ಮಗಾ. ನೋವೇ ಆಗ್ಲಿಲ್ಲ."

ಪ್ರಕಾಶ ಅಮ್ಮನ ಕಾಲುಗಳ ಕಡೆ ನೋಡಿದ, ಮುಖ ನೋಡಿದ. ರಿಕ್ಷಾದವನು ಮೀಟರು ಓಡುತ್ತಿದೆ ಎಂದು ನೆನಪಿಸಿದ.

"ನಾನು ಇವರೆಲ್ಲರ ಒಟ್ಟಿಗೆ ಬಂದದ್ದು. ಇವರ ಒಟ್ಟಿಗೇ ಬರ್ತೇನೆ" ಎಂದರು ಗಿರಿಜಕ್ಕ.

ನಾನು ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ ಪ್ರಕಾಶ ನನ್ನನ್ನು ನೋಡಿ, "ಅಕ್ಕ, ಅಮ್ಮ ಬಸ್ಸಲ್ಲೇ ಬರ್ಲಿ. ನಾನು ಹಿಂದೆ ಬರ್ತೇನೆ. ಮುಂದಿನ ಸಲ ಎಲ್ಲಿಗೆ ಅಂತ ನನಗೂ ಮೊದಲೇ ಹೇಳಿ" ಎಂದ. 'ಮುಂದಿನ ಸಲ' ಎಂಬ ಮಾತು ಅವನ ಬಾಯಿಂದಲೇ ಬಂದಿತ್ತು. ಎದೆಯ ಮೇಲಿನ ಕಲ್ಲು ಇಳಿದ ಮೇಲೆಯೇ ಅದು ಎಷ್ಟು ಭಾರ ಇತ್ತೆಂದು ಗೊತ್ತಾಗುವುದು.

ನಿಖಿತಾ, ಆ ದಿನದಿಂದ ನಾನು ಹತ್ತಿಸುವಾಗ ಮಾತ್ರವಲ್ಲ, ಬಸ್ಸು ಯಾವ ಕಾರಣಕ್ಕೆ ನಿಂತರೂ ಎಣಿಸತೊಡಗಿದೆ. ಬ್ಯಾಗನ್ನು ಎಣಿಸಬೇಡ, ಮುಖವನ್ನು ಎಣಿಸು. ಬಾಗಿಲ ಪಕ್ಕದ ಸೀಟು ನಿನ್ನದು, ಅದನ್ನು ಯಾರಿಗೂ ಕೊಡಬೇಡ. ಕೆಲಸದ ಪಾಠ ಇಷ್ಟೇ. ಉಳಿದದ್ದನ್ನು ನಿನಗೆ ನಿನ್ನ ಗುಂಪುಗಳೇ ಕಲಿಸುತ್ತವೆ.

ಆ ಸಂಜೆ ಬೊರಿವಲಿಯಿಂದ ಚೆಂಬೂರಿನವರೆಗೂ ಪ್ರಕಾಶನ ರಿಕ್ಷಾ ನಮ್ಮ ಬಸ್ಸಿನ ಬೆನ್ನು ಬಿಡಲಿಲ್ಲ. ಸಿಗ್ನಲಿನಲ್ಲಿ ನಿಂತರೆ ನಿಲ್ಲುತ್ತಿತ್ತು, ಲೇನು ಬದಲಿಸಿದರೆ ಬದಲಿಸುತ್ತಿತ್ತು. ಬಸ್ಸಿನಲ್ಲಿ ಹಾಡು ಶುರುವಾಗಿತ್ತು. ಗಿರಿಜಕ್ಕ ಹಿಂದಿನ ಗಾಜಿನ ಹತ್ತಿರ ಹೋಗಿ ತುಂಬಾ ಹೊತ್ತು ಮಗನ ರಿಕ್ಷಾವನ್ನು ನೋಡಿದರು. ಆಮೇಲೆ ಸೀಟಿನ ಸರಳುಗಳನ್ನು ಹಿಡಿದುಕೊಂಡು ಮುಂದೆ ಬಂದು, ನನ್ನ ಕಿವಿಯ ಹತ್ತಿರ ಬಗ್ಗಿ, "ಶಶಿ, ಮೌಲಾಭಾಯಿಗೆ ಸ್ವಲ್ಪ ಜೋರು ಬಿಡ್ಲಿಕ್ಕೆ ಹೇಳು" ಎಂದರು.

ನಾನು ಹೇಳಿದೆ.